ಅಂಗಡಿಯ ಬಾಗಿಲು ಯಾತಕ್ಕೆ ತೆರೆಯುತ್ತೀರಿ: ಲೆಕ್ಕದ ಪುಸ್ತಕದಲ್ಲಿ ಉತ್ತರ ಹುಡುಕುವ ಬಗೆ

ಊರಿನ ದಿನಸಿ ಅಂಗಡಿಗಳಲ್ಲಿ ಸೇರಿನಿಂದ ಅಕ್ಕಿ ಅಳೆಯುವಾಗ ಮೊದಲನೆಯ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ರೂಢಿಯಿತ್ತು. ಎಣಿಕೆ ಎರಡರಿಂದ ಶುರುವಾಗುತ್ತಿತ್ತು. ಮುಂಬಯಿಗೆ ಬಂದು ನೆಲೆನಿಂತ ನಮ್ಮವರ ಹೋಟೆಲುಗಳಲ್ಲಿ ದೀಪಾವಳಿಯ ದಿನ ಹೊಸ ಖಾತೆ ಪುಸ್ತಕದ ಮೊದಲ ಹಾಳೆಗೆ ‘ಶುಭ ಲಾಭ’ ಎಂದು ಕುಂಕುಮದಲ್ಲಿ ಬರೆಯುತ್ತಾರೆ. ಹಾಗಿದ್ದೂ ಸಂಘದ ವಾರ್ಷಿಕ ಸಭೆಯಲ್ಲಿ ಮೈಕು ಕೈಗೆ ಬಂದೊಡನೆ ಅದೇ ಧಣಿಗಳು ‘ನಾವು ಲಾಭಕ್ಕಾಗಿ ಹೋಟೆಲು ನಡೆಸುತ್ತಿಲ್ಲ, ಸೇವೆಗಾಗಿ ನಡೆಸುತ್ತಿದ್ದೇವೆ’ ಎನ್ನುತ್ತಾರೆ. ಮರುದಿನ ಲೆಕ್ಕಕ್ಕೆ ಕುಳಿತಾಗ ‘ರಾಯರೆ, ಈ ತಿಂಗಳು ಏನುಳಿಯಿತು?’ ಎಂಬುದೇ ಅವರ ಮೊದಲ ಪ್ರಶ್ನೆ. ಮಾಟುಂಗಾ, ದಾದರ್, ಡೊಂಬಿವಿಲಿಗಳ ಸಣ್ಣ ಹೋಟೆಲುಗಳ ಲೆಕ್ಕ ಬರೆಯುತ್ತಲೇ ತಲೆ ಬೆಳ್ಳಗಾದ ನನಗೆ ಈ ಎರಡು ಮಾತುಗಳಲ್ಲಿ ಯಾವುದೂ ಪೂರಾ ಸುಳ್ಳೆಂದು ಅನ್ನಿಸಿಲ್ಲ. ಆದರೆ ಯಾವುದು ಎಷ್ಟು ನಿಜ ಎಂಬುದನ್ನು ಮಾತಿನಲ್ಲಿ ತೀರ್ಮಾನಿಸಲಾಗದು, ಲೆಕ್ಕದಲ್ಲಿ ತೀರ್ಮಾನಿಸಬಹುದು. ಅದನ್ನು ಮಾಡುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದೋ ಎರಡೋ ಅಂಗಡಿಯಿದ್ದು, ಅದರ ಮೇಲೆಯೇ ಮನೆ ನಡೆಯುತ್ತಿರುವವರಿಗೆ ಈ ವಿಧಾನ ಹೊಂದುತ್ತದೆ. ಕಳೆದ ಹನ್ನೆರಡು ತಿಂಗಳ ಜಮಾಖರ್ಚು, ಒಂದು ಬಿಡುವಿನ ರಾತ್ರಿ, ಮತ್ತು ನಿಮ್ಮ ಮಾತಿಗೆ ತಲೆಯಾಡಿಸದ ಒಬ್ಬ ಮನುಷ್ಯ, ಇಷ್ಟಿದ್ದರೆ ಸಾಕು. ಆ ಮೂರನೆಯದು ಹೆಂಡತಿಯಾದರೆ ಉತ್ತಮ. ನೀವು ಮರೆತ ಖರ್ಚುಗಳು ಅವರಿಗೆ ನೆನಪಿರುತ್ತವೆ.

ಮೊದಲು ನಿಜವಾದ ಲಾಭ

ತಿಂಗಳ ಕೊನೆಗೆ ಗಲ್ಲಾದಲ್ಲಿ ಉಳಿದದ್ದನ್ನೇ ಲಾಭವೆಂದು ತಿಳಿಯುವುದು ನಮ್ಮ ಸಣ್ಣ ವ್ಯಾಪಾರಿಗಳ ದೊಡ್ಡ ತಪ್ಪು. ನಾನು ಲೆಕ್ಕ ಬರೆಯುವ, ಮಾಟುಂಗಾ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಒಂದು ಹೋಟೆಲನ್ನೇ ತೆಗೆದುಕೊಳ್ಳೋಣ; ಗುರುತು ಸಿಗದಿರಲೆಂದು ಅಂಕಿಗಳನ್ನು ತುಸು ಬದಲಿಸಿದ್ದೇನೆ. ಸಾಮಾನು, ಸಂಬಳ, ಗ್ಯಾಸು, ವಿದ್ಯುತ್ತು, ತೆರಿಗೆ ಎಲ್ಲ ಕಳೆದು ಧಣಿಯ ಕೈಗೆ ತಿಂಗಳಿಗೆ 1,10,000 ರೂಪಾಯಿ ಉಳಿಯುತ್ತಿತ್ತು. ಕೆಟ್ಟ ವ್ಯಾಪಾರವಲ್ಲ ಎಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ಆ ರಾತ್ರಿ ನಾವು ಕಳೆಯುತ್ತ ಹೋದೆವು. ಬೆಳಗಿನ ಐದೂವರೆಯಿಂದ ರಾತ್ರಿ ಹತ್ತರವರೆಗೆ ಗಲ್ಲಾದ ಮೇಲೆ ಕುಳಿತುಕೊಳ್ಳುವ ಧಣಿಯ ಜಾಗದಲ್ಲಿ ಒಬ್ಬ ಮ್ಯಾನೇಜರನ್ನು ಇಟ್ಟಿದ್ದರೆ 40,000 ಕೊಡಬೇಕಾಗುತ್ತಿತ್ತು; ಆದ್ದರಿಂದ ಅಷ್ಟು ಅವರ ಸಂಬಳ, ಲಾಭವಲ್ಲ. ಮನೆಯಲ್ಲಿ ಕುಳಿತು ಸಾಂಬಾರು ಪುಡಿ, ಉಪ್ಪಿನಕಾಯಿ ಸಿದ್ಧಮಾಡುವ ಮನೆಯಾಕೆಯ ದುಡಿಮೆಗೆ 15,000. ರುಬ್ಬುವ ಯಂತ್ರ, ಫ್ರಿಜ್, ಹೊಗೆ ಹೀರುವ ಚಿಮಣಿ ಎಲ್ಲ ಸೇರಿ ಸುಮಾರು 6 ಲಕ್ಷದ ಸರಕು ಎಂಟು ವರ್ಷ ಬಾಳುತ್ತದೆಂದು ಹಿಡಿದರೆ ತಿಂಗಳಿಗೆ 6,250 ತೆಗೆದಿಡಬೇಕು; ಯಂತ್ರ ಕೆಟ್ಟ ದಿನ ಆ ಹಣ ಆಕಾಶದಿಂದ ಉದುರುವುದಿಲ್ಲ. ಇನ್ನು ಗ್ರಾಚ್ಯುಯಿಟಿ. ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವಲ್ಲಿ ಐದು ವರ್ಷ ಪೂರೈಸಿ ಬಿಟ್ಟುಹೋಗುವವರಿಗೆ, ತಿಂಗಳ ಸಂಬಳವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದಷ್ಟು ಮೊತ್ತವನ್ನು ಪ್ರತಿ ವರ್ಷದ ಸೇವೆಗೂ ಲೆಕ್ಕಹಾಕಿ ಕೊಡಬೇಕು. 15,000 ಸಂಬಳಕ್ಕೆ ಅದು ವರ್ಷಕ್ಕೆ ಸುಮಾರು 8,650 ಆಗುತ್ತದೆ. ಹನ್ನೆರಡು ಜನರಿರುವುದರಿಂದ ತಿಂಗಳ ಹೊರೆಯೂ ಅಷ್ಟೇ ಬರುತ್ತದೆ. ಈ ಬಾಬ್ತು ಅವರ ಪುಸ್ತಕದಲ್ಲಿ ಒಂದು ದಿನವೂ ಕಾಣಿಸಿಕೊಂಡಿರಲಿಲ್ಲ.

ಉಳಿದದ್ದು 40,100. ಧಣಿ ನೀರು ಕುಡಿದರು. ನನ್ನ ಬಳಿ ಇನ್ನೊಂದು ಸಾಲು ಬಾಕಿಯಿತ್ತು: ಜಾಗ. ಅವರ ತಂದೆ ಪಗಡಿ ಕೊಟ್ಟು, ಎಂದರೆ ಮೊದಲಿಗೇ ಒಂದು ದೊಡ್ಡ ಮೊತ್ತ ಕೊಟ್ಟು, ಕಡಿಮೆ ಬಾಡಿಗೆಗೆ ಕಾಯಮ್ಮಾಗಿ ಹಿಡಿದ ಅಂಗಡಿಯದು. ಇವತ್ತಿಗೂ ತಿಂಗಳ ಬಾಡಿಗೆ ಕೆಲವು ನೂರು ರೂಪಾಯಿ. ಅದೇ ಬೀದಿಯಲ್ಲಿ ಅಷ್ಟೇ ಅಗಲದ ಅಂಗಡಿಗೆ ಹೊಸಬರು 70,000 ಕೊಡುತ್ತಿದ್ದರು. ಆ ಬಾಡಿಗೆಯನ್ನು ಇವರೂ ಕೊಡಬೇಕಾಗಿದ್ದರೆ ತಿಂಗಳಿಗೆ 29,900 ರೂಪಾಯಿ ನಷ್ಟವಾಗುತ್ತಿತ್ತು. ಮುಂಬಯಿಯ ಎಷ್ಟೋ ಹಳೆಯ ಹೋಟೆಲುಗಳ ಅಗ್ಗದ ದರ, ಧಾರಾಳತನ, ಒಳ್ಳೆಯ ಹೆಸರು ಎಲ್ಲದರ ಹಿಂದೆ ಅಜ್ಜ ಕೊಟ್ಟ ಪಗಡಿಯೇ ನಿಂತಿರುತ್ತದೆ ಎಂಬುದನ್ನು ಹೇಳಲು ನಮ್ಮಲ್ಲಿ ಯಾರಿಗೂ ಇಷ್ಟವಿಲ್ಲ.

ಶಟರು ಎಳೆದರೆ ಏನಾದೀತು

ಈಗ ಕೇಳಬೇಕಾದ ಪ್ರಶ್ನೆ ಇದು: ಬಾಗಿಲು ಮುಚ್ಚಿ ಜಾಗವನ್ನು ಬೇರೆಯವರಿಗೆ ಕೊಟ್ಟರೆ ಹೆಚ್ಚು ಬರುತ್ತದೆ ಎಂದಾದರೆ ಬೆಳಿಗ್ಗೆ ಐದೂವರೆಗೆ ಗಲ್ಲಾದ ಮೇಲೆ ಕೂರುವುದು ಯಾತಕ್ಕೆ? ಇದನ್ನು ಜೋರಾಗಿ ಕೇಳಿಕೊಳ್ಳಿ, ಮತ್ತು ಬಂದ ಉತ್ತರವನ್ನು ತಿದ್ದದೆ ಬರೆದಿಡಿ.

ಆ ರಾತ್ರಿ ಶಟರು ಅರ್ಧ ಇಳಿದಿತ್ತು. ಒಬ್ಬ ಹುಡುಗ ಬೆಂಚುಗಳನ್ನು ಮೇಜಿನ ಮೇಲೆ ಏರಿಸಿ ನೆಲ ಒರೆಸುತ್ತಿದ್ದ. ‘ಹಾಗಾದರೆ ಇಷ್ಟು ವರ್ಷ ನಾನು ಅಪ್ಪನ ಪಗಡಿ ತಿಂದದ್ದೇ ರಾಯರೆ?’ ಎಂದು ಧಣಿ ಕೇಳಿದರು. ಮೊಬೈಲು ಅಂಗಡಿಯವನೊಬ್ಬ ಜಾಗ ಕೇಳಿಕೊಂಡು ಬಂದದ್ದೂ, ಕಟ್ಟಡದ ಮಾಲಿಕ ಒಪ್ಪಿದ್ದೂ ನನಗೆ ಗೊತ್ತಿತ್ತು. ‘ಮತ್ತೆ ಯಾಕೆ ಕೊಡಲಿಲ್ಲ?’ ಎಂದೆ. ತುಸು ಹೊತ್ತು ಸುಮ್ಮನಿದ್ದು, ‘ಬೆಳಿಗ್ಗೆ ಎದ್ದು ನಾನು ಎಲ್ಲಿಗೆ ಹೋಗಲಿ ಮಾರಾಯ್ರೆ?’ ಎಂದರು. ಆಮೇಲೆ ನೆಲ ಒರೆಸುವ ಹುಡುಗನ ಕಡೆ ನೋಡಿ, ‘ಇವರನ್ನೆಲ್ಲ ಊರಿನಿಂದ ಕರೆತಂದವನು ನಾನೇ ಅಲ್ಲವೇ’ ಎಂದರು.

ಇಲ್ಲಿ ಎರಡು ಉತ್ತರಗಳಿವೆ. ಮೊದಲನೆಯದು ಅಭ್ಯಾಸ, ಎರಡನೆಯದು ಉದ್ದೇಶ. ಎರಡನ್ನೂ ಬರೆಸಿದೆ. ಮೊದಲನೆಯದನ್ನು ಹೊಡೆದುಹಾಕಿ ಎರಡನೆಯದನ್ನು ಮಾತ್ರ ಉಳಿಸಿಕೊಂಡರೆ ಸಭೆಯಲ್ಲಿ ಓದಲು ಚೆನ್ನಾಗಿರುತ್ತದೆ, ತೀರ್ಮಾನ ಮಾಡಲು ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಅಂಗಡಿಯಲ್ಲಿ ಉತ್ತರ ‘ಹಣಕ್ಕಾಗಿ, ಮಗಳ ಮೆಡಿಕಲ್ ಸೀಟಿಗಾಗಿ’ ಎಂದು ಬಂದರೆ ಅದನ್ನೂ ಹಾಗೆಯೇ ಬರೆಯಿರಿ. ಅದರಲ್ಲಿ ಕೀಳೇನೂ ಇಲ್ಲ, ಮುಂದಿನ ಲೆಕ್ಕ ಸುಲಭವಾಗುತ್ತದೆ, ಅಷ್ಟೇ.

ಮೂರು ಗುಡ್ಡೆ

ನಂತರ, ಲಾಭವನ್ನು ಲೆಕ್ಕಿಸದೆ ಮಾಡುತ್ತಿದ್ದೇವೆಂದು ನೀವು ನಂಬಿರುವ ಎಲ್ಲವನ್ನೂ ಪಟ್ಟಿಮಾಡಿ, ಅದನ್ನು ಮೂರು ಗುಡ್ಡೆಯಾಗಿ ಬೇರ್ಪಡಿಸಬೇಕು. ಇಡೀ ವಿಧಾನದಲ್ಲಿ ಹೆಚ್ಚು ಜಗಳವಾಗುವುದು ಇಲ್ಲಿಯೇ, ಆದ್ದರಿಂದ ಅವಸರ ಬೇಡ.

ಮೊದಲನೆಯ ಗುಡ್ಡೆ ಋಣದ್ದು. ಸರಿಯಾದ ದಿನಕ್ಕೆ ಸಂಬಳ, ವಾರಕ್ಕೊಂದು ರಜೆ, ಮೇಲೆ ಹೇಳಿದ ಗ್ರಾಚ್ಯುಯಿಟಿ, ತರಕಾರಿಯವನ ಬಾಕಿ, ಇವೆಲ್ಲ ಕೊಡಲೇಬೇಕಾದವು. ನೋಂದಾಯಿತ ಸಣ್ಣ ಉದ್ದಿಮೆದಾರರಿಂದ ಸರಕು ಪಡೆದವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಸಣ್ಣ ಉದ್ದಿಮೆಗಳ ಕಾಯಿದೆಯೇ ಹೇಳುತ್ತದೆ. ಹಪ್ಪಳ ಮಾಡಿಕೊಡುವ ಹೆಂಗಸಿನ ಮೂರು ತಿಂಗಳ ಬಾಕಿಯನ್ನು ಹಾಗೆಯೇ ಇಟ್ಟುಕೊಂಡು, ನವರಾತ್ರಿಯಲ್ಲಿ ಅನ್ನಸಂತರ್ಪಣೆಯ ರಸೀದಿಗೆ ತಮ್ಮ ಹೆಸರು ಬರೆಸುವ ಧಣಿಗಳನ್ನು ಕಂಡಿದ್ದೇನೆ; ಅಲ್ಲಿ ದಾನ ಕೊಟ್ಟವಳು ಆ ಹೆಂಗಸು. ಈ ಗುಡ್ಡೆಯಲ್ಲಿರುವ ಯಾವುದನ್ನೂ ಉನ್ನತ ಉದ್ದೇಶದ ಖಾತೆಗೆ ಬರೆಯಬಾರದು.

ಎರಡನೆಯದು ಒಳ್ಳೆಯದೂ ಹೌದು, ಹಣ ತರುವುದೂ ಹೌದು ಎಂಬಂಥವುಗಳ ಗುಡ್ಡೆ. ನಮ್ಮ ಕರಾವಳಿಯವರಿಗೆ ಇದಕ್ಕೆ ಪಿಗ್ಮಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಏಜೆಂಟರನ್ನು ಮನೆಮನೆಗೆ ಕಳುಹಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಸಂಗ್ರಹಿಸಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದವರ ಕೈಯಲ್ಲಿ ಉಳಿತಾಯ ನಿಂತಿತು. ಬ್ಯಾಂಕಿಗೆ ಬೇರೆ ಯಾರೂ ಮುಟ್ಟದ ಠೇವಣಿ ಸಿಕ್ಕಿತು. ಅದು ಸೇವೆಯೋ ವ್ಯಾಪಾರವೋ ಎಂದು ಬಿಡಿಸಲು ಹೊರಟವರಿಗೆ ದಾರ ಎರಡೂ ಕಡೆಯಿಂದ ಒಂದೇ ಸಿಗುತ್ತದೆ. ನಿಮ್ಮ ಅಂಗಡಿಯಲ್ಲೂ ಇಂಥವು ಇರುತ್ತವೆ. ಆ ಹೋಟೆಲಿನಲ್ಲಿ ವಿದ್ಯಾರ್ಥಿಗಳಿಗೆ 120 ರೂಪಾಯಿಯ ಊಟವನ್ನು 80ಕ್ಕೆ ಕೊಡುವ ಪದ್ಧತಿಯಿತ್ತು, ಧಣಿ ಅದನ್ನು ದಾನವೆಂದೇ ತಿಳಿದಿದ್ದರು. ಒಂದು ಊಟಕ್ಕೆ ಸಾಮಾನು, ಗ್ಯಾಸು ಸೇರಿ ತಗಲುವ ಹೆಚ್ಚುವರಿ ಖರ್ಚು 65. ಮಧ್ಯಾಹ್ನ ಎರಡೂವರೆಯ ಮೇಲೆ ಖಾಲಿ ಮೇಜಿನಲ್ಲಿ ಕುಳಿತು ಉಣ್ಣುವ ಹುಡುಗನಿಂದ ಹೋಟೆಲಿಗೆ 15 ರೂಪಾಯಿ ಉಳಿಯುತ್ತದೆ. ಅದೇ ಹುಡುಗ ಒಂದು ಗಂಟೆಯ ನೂಕುನುಗ್ಗಲಿನಲ್ಲಿ ಕುಳಿತರೆ, ಬಾಗಿಲಲ್ಲಿ ಕಾದುನಿಂತ ಗಿರಾಕಿಯ ಲೆಕ್ಕದಲ್ಲಿ 40 ರೂಪಾಯಿ ಹೋಗುತ್ತದೆ. ರಿಯಾಯಿತಿ ಎರಡೂವರೆಯ ನಂತರ ಎಂದು ಹಲಗೆ ಹಾಕಿದ ಮೇಲೆ ಇನ್ನಷ್ಟು ಹುಡುಗರಿಗೆ ಊಟ ಸಿಕ್ಕಿತು, ಹೋಟೆಲಿಗೂ ಏನೂ ನಷ್ಟವಾಗಲಿಲ್ಲ.

ಮೂರನೆಯ ಗುಡ್ಡೆಯಲ್ಲಿ ಮಾತ್ರ ನಿಜವಾಗಿ ಬಿಟ್ಟುಕೊಟ್ಟದ್ದು ಇರುತ್ತದೆ. ಅದು ಹಿಂದಿರುಗಿ ಬರುವುದಿಲ್ಲ, ಕಾನೂನೂ ಅದನ್ನು ಕೇಳುವುದಿಲ್ಲ. ಇದನ್ನು ರೂಪಾಯಿಯಲ್ಲಿ ಮಾತ್ರ ಅಳೆಯಬೇಡಿ. ಹಿಂದಿನ ಕಾಲದಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಮುಂಬಯಿಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಆ ಹುಡುಗರನ್ನು ಸಂಜೆಯ ಗಿರಾಕಿಯ ಹೊತ್ತಿಗೆ ಕೆಲಸದಿಂದ ಬಿಟ್ಟುಕಳುಹಿಸಿದ ಧಣಿ ಕೊಟ್ಟದ್ದು ಹೊತ್ತನ್ನು. ಅದು ಯಾವ ಖಾತೆಯಲ್ಲೂ ಬರೆದಿಲ್ಲ. ನಮ್ಮ ಧಣಿಯ ಪಟ್ಟಿಯಲ್ಲಿ ಈ ಗುಡ್ಡೆಗೆ ಬಂದದ್ದು ಎರಡೇ: ಬೆಳಿಗ್ಗೆ ಬೀದಿ ಗುಡಿಸುವ ಇಪ್ಪತ್ತೈದು ಜನರಿಗೆ ಚಹಾ, ಅದರ ಖರ್ಚು ಕಪ್ಪಿಗೆ 6ರಂತೆ ತಿಂಗಳಿಗೆ 4,500, ಮತ್ತು ಅಡುಗೆಯವರ ಇಬ್ಬರು ಮಕ್ಕಳ ಶಾಲೆಯ ಶುಲ್ಕ, ತಿಂಗಳಿಗೆ 3,500. ಎಷ್ಟೋ ದೊಡ್ಡ ಮಾತುಗಳು ಕೊನೆಗೆ 8,000ಕ್ಕೆ ಬಂದು ನಿಂತವು. ಅದು ಸಣ್ಣದೆಂದು ನನಗೆ ಅನ್ನಿಸಲಿಲ್ಲ, ಏಕೆಂದರೆ ಉಳಿದದ್ದು 40,100. ಅದರಲ್ಲಿ ಐದರಲ್ಲೊಂದು ಪಾಲು ಹೋಗುತ್ತಿತ್ತು. ದೇಶದ ದೊಡ್ಡ ಕಂಪನಿಗಳಿಗೆ, ಎಂದರೆ 500 ಕೋಟಿ ನಿವ್ವಳ ಮೌಲ್ಯ, ಇಲ್ಲವೆ 1,000 ಕೋಟಿ ವಹಿವಾಟು, ಇಲ್ಲವೆ 5 ಕೋಟಿ ನಿವ್ವಳ ಲಾಭ ಮುಟ್ಟಿದವುಗಳಿಗೆ, 2013ರ ಕಂಪನಿ ಕಾಯಿದೆ ವಿಧಿಸಿರುವುದು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ 2 ಮಾತ್ರ.

ಯಾರ ಹಣ

ಈ ಹಂತದಲ್ಲಿ ಕೈಹಾಕಬೇಕಾದ ಪ್ರಶ್ನೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲೇ ಖಡಕ್ಕಾಗಿ ಎತ್ತಿದ್ದರು. ವ್ಯಾಪಾರದ ಸಾಮಾಜಿಕ ಹೊಣೆ ಲಾಭ ಹೆಚ್ಚಿಸುವುದೇ ಎಂಬುದು ಅವರ ವಾದವೆಂದು ಎಲ್ಲರಿಗೂ ಗೊತ್ತು. ಅದರ ಕಾರಣವನ್ನು ಗಮನಿಸಿದವರು ಕಡಿಮೆ. ಕಂಪನಿ ನಡೆಸುವ ಅಧಿಕಾರಿ ಪುಣ್ಯ ಸಂಪಾದಿಸುವುದು ಷೇರುದಾರರ ಹಣದಿಂದ, ಅದಕ್ಕೆ ಅವನಿಗೆ ಅಧಿಕಾರ ಎಲ್ಲಿಂದ ಬಂತು ಎಂಬುದು ಅವರ ಆಕ್ಷೇಪ. ಒಬ್ಬನೇ ಮಾಲಿಕನಾಗಿರುವ ಅಂಗಡಿಯಲ್ಲಿ ಅವನು ಬಿಡುವುದು ತನ್ನದೇ ಹಣವಾದ್ದರಿಂದ ಅಲ್ಲಿನ ಸಂಗತಿ ಬೇರೆ ಎಂದು ಅವರೇ ಒಪ್ಪುತ್ತಾರೆ. ಅವರ ಉಳಿದ ವಾದವನ್ನು ನಾನು ಒಪ್ಪಲಾರೆ, ಆದರೆ ಈ ಗೆರೆಯನ್ನು ಎಳೆದದ್ದಕ್ಕೆ ಅವರಿಗೆ ಋಣಿ, ಏಕೆಂದರೆ ನಮ್ಮವರ ಹೋಟೆಲುಗಳು ಒಡೆಯುವುದು ಸರಿಯಾಗಿ ಆ ಗೆರೆಯ ಮೇಲೆ.

ಅಣ್ಣ ಮುಂಬಯಿಯಲ್ಲಿ ಗಲ್ಲಾದ ಮೇಲೆ ಕುಳಿತು ಧಾರಾಳವಾಗಿ ಕೊಡುತ್ತಾನೆ. ನಾಲ್ಕಾಣೆ ಪಾಲಿನ ತಮ್ಮ ಊರಿನಲ್ಲಿ ತೋಟ ನೋಡಿಕೊಂಡಿರುತ್ತಾನೆ. ದೇವಸ್ಥಾನದ ಕಲ್ಲಿನ ಮೇಲೆ ಕೆತ್ತುವುದು ಅಣ್ಣನ ಹೆಸರು, ಕಡಿಮೆಯಾಗುವುದು ತಮ್ಮನ ಪಾಲು. 1932ರ ಪಾಲುದಾರಿಕೆ ಕಾಯಿದೆ ಪಾಲುದಾರಿಕೆಯನ್ನು ವಿವರಿಸುವುದೇ ವ್ಯಾಪಾರದ ಲಾಭವನ್ನು ಹಂಚಿಕೊಳ್ಳುವ ಒಪ್ಪಂದವೆಂದು. ಹೆನ್ರಿ ಫೋರ್ಡರಂಥವರಿಗೂ ಇದು ತಪ್ಪಲಿಲ್ಲ. ಕಾರಿನ ಬೆಲೆ ಇಳಿಸಿ, ಇನ್ನಷ್ಟು ಜನರಿಗೆ ಕೆಲಸ ಕೊಡುತ್ತೇನೆಂದು ಅವರು ವಿಶೇಷ ಲಾಭಾಂಶವನ್ನು ನಿಲ್ಲಿಸಿದಾಗ, ಹತ್ತನೆಯ ಒಂದು ಪಾಲಿನ ಡಾಜ್ ಸಹೋದರರು ಕೋರ್ಟಿಗೆ ಹೋದರು. ಕಂಪನಿ ಇರುವುದು ಮುಖ್ಯವಾಗಿ ಷೇರುದಾರರ ಲಾಭಕ್ಕಾಗಿ ಎಂದು 1919ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟು ಸುಮಾರು 1 ಕೋಟಿ 90 ಲಕ್ಷ ಡಾಲರನ್ನು ಹಂಚಿಸಿತು. ನಮ್ಮ 2013ರ ಕಾಯಿದೆಯ 166ನೆಯ ಕಲಮು ಬೇರೆ ಧಾಟಿಯದು: ನಿರ್ದೇಶಕರು ಸದಸ್ಯರ ಜೊತೆಗೆ ನೌಕರರ, ಸಮುದಾಯದ ಹಿತವನ್ನೂ ಪರಿಸರದ ರಕ್ಷಣೆಯನ್ನೂ ನೋಡಬೇಕೆಂದು ಅದು ಹೇಳುತ್ತದೆ. ಕಾನೂನು ಏನೇ ಹೇಳಲಿ, ಸಣ್ಣ ಪಾಲುದಾರನಿಗೆ ಒಂದು ಫೋನು ಮಾಡಿ, ಮೂರನೆಯ ಗುಡ್ಡೆಯ ಪಟ್ಟಿಯನ್ನು ಓದಿ ಹೇಳಿ, ಅವನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅವನು ಒಪ್ಪದಿದ್ದರೆ ನಿಮ್ಮ ಪಾಲಿನಿಂದ ಕೊಡಿ.

ಮಿತಿ ಮತ್ತು ಮೀಸಲು

ಒಪ್ಪಿಗೆ ಸಿಕ್ಕ ಮೇಲೆ ಮಿತಿಯನ್ನು ಬರೆಯಬೇಕು. ‘ಆದಷ್ಟು ಮಾಡುತ್ತೇವೆ’ ಎಂಬುದು ಮಿತಿಯಲ್ಲ. ಇಷ್ಟು ರೂಪಾಯಿ, ಇಷ್ಟು ಹೊತ್ತು, ಇಂಥವರಿಗೆ ಎಂದಿರಬೇಕು, ಮತ್ತು ಅದಕ್ಕೆ ಬೇರೆ ಖಾತೆ ತೆರೆಯಬೇಕು. ದಾನವನ್ನು ವ್ಯಾಪಾರದ ಖರ್ಚಿನಲ್ಲಿ ತುರುಕಬೇಡಿ. ನಾನೇ ಎಳೆಯ ವಯಸ್ಸಿನಲ್ಲಿ ಒಂದು ದೇವಸ್ಥಾನದ ವಂತಿಗೆಯನ್ನು ಪ್ರಚಾರದ ವೆಚ್ಚವೆಂದು ಬರೆದು, ತೆರಿಗೆ ಅಧಿಕಾರಿಯ ಮುಂದೆ ತಲೆತಗ್ಗಿಸಿ ನಿಂತದ್ದುಂಟು.

ಮಿತಿಗಿಂತ ಮೊದಲು ಮೀಸಲು ಬರಬೇಕೆಂದು ನಾನು ಹಟ ಹಿಡಿಯುತ್ತೇನೆ. ಆಯ್ದಕ್ಕಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಕಳುಹಿಸಿದ ಕಥೆಯನ್ನು ನಮ್ಮಲ್ಲಿ ಭಕ್ತಿಯಿಂದ ಹೇಳುತ್ತಾರೆ, ನಾನೂ ಭಕ್ತಿಯಿಂದಲೇ ಕೇಳುತ್ತೇನೆ. ಆದರೆ ಆ ದಂಪತಿಗೆ ಒಂದನೆಯ ತಾರೀಕು ಹನ್ನೆರಡು ಜನರಿಗೆ ಸಂಬಳ ಕೊಡುವ ಹೊರೆ ಇರಲಿಲ್ಲ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದಾಗ ಹೋಟೆಲುಗಳ ಒಲೆ ಆರಿತು. ಮೀಸಲು ಇದ್ದ ಧಣಿಗಳು ಅರ್ಧ ಸಂಬಳವನ್ನಾದರೂ ಕಳುಹಿಸಿದರು, ಸೇವೆಯ ಮಾತು ಮಾತ್ರ ಇದ್ದವರು ಫೋನು ಎತ್ತಲಿಲ್ಲ. ಮೀಸಲೆಂದು ಮೂರು ತಿಂಗಳ ಸಂಬಳ ತೆಗೆದಿಡಬೇಕೆಂದರೆ ಈ ಹೋಟೆಲಿಗೆ 5,40,000 ಬೇಕು. ಆ 8,000 ಹೋಗಿ ತಿಂಗಳಿಗೆ ಉಳಿಯುವ 32,100ನ್ನು ಪೂರ್ತಿ ತೆಗೆದಿಟ್ಟರೂ ಹದಿನೇಳು ತಿಂಗಳು ಬೇಕು. ಲಾಭ ಯಾತಕ್ಕೆ ಎಂದು ಕೇಳುವ ಎಳೆಯರಿಗೆ ನಾನು ಈ ಹದಿನೇಳು ತಿಂಗಳನ್ನು ತೋರಿಸುತ್ತೇನೆ.

ವ್ಯಾಪಾರದ ರೂಪ ಬದಲಿಸಬೇಕೇ ಎಂದು ಕೆಲವರು ಕೇಳುತ್ತಾರೆ. ಮೂರನೆಯ ಗುಡ್ಡೆಯೇ ನಿಮ್ಮ ಮುಖ್ಯ ಕೆಲಸವಾಗಿದ್ದರೆ ಮಾತ್ರ. ಲಾಭಾಂಶ ಹಂಚದೆ ಎಲ್ಲವನ್ನೂ ಉದ್ದೇಶಕ್ಕೇ ಬಳಸುವವರಿಗೆ ಕಂಪನಿ ಕಾಯಿದೆಯ 8ನೆಯ ಕಲಮಿನ ಕಂಪನಿಯಿದೆ, ಟ್ರಸ್ಟ್ ಇದೆ. ದುಡಿಯುವವರೇ ಒಡೆಯರಾಗಬೇಕೆಂದಿದ್ದರೆ ಗಿರಗಾಂವಿನ ಕಡೆ ನೋಡಬಹುದು: 1959ರಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಪಡೆದು ಅಲ್ಲಿನ ಮಾಳಿಗೆಯಲ್ಲಿ ಹಪ್ಪಳ ಲಟ್ಟಿಸಲು ತೊಡಗಿದ್ದೇ ಲಿಜ್ಜತ್ ಆಯಿತು, ಲಟ್ಟಿಸುವ ‘ಬೆಹನ್’ಗಳೇ ಅದರ ಒಡತಿಯರು, ಲಾಭವಾಗಲಿ ನಷ್ಟವಾಗಲಿ ಅವರದೇ. ಅಲ್ಲಿ ಲಾಭ ಬೇಡವೆಂದು ಯಾರೂ ಹೇಳಲಿಲ್ಲ, ಅದು ಯಾರ ಕೈಗೆ ಹೋಗಬೇಕೆಂದು ಮೊದಲೇ ಬರೆದಿಟ್ಟರು. ಉಳಿದವರು ಈಗಿರುವ ಬೋರ್ಡಿನಡಿಯಲ್ಲೇ ಮುಂದುವರಿಯಬಹುದು.

ಎಲ್ಲವೂ ಮುಗಿದ ಮೇಲೆ ಒಂದೇ ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ: ನಿಜವಾದ ಲಾಭ ಎಷ್ಟು, ಬಾಗಿಲು ತೆರೆಯುವ ಕಾರಣವೇನು, ಬಿಟ್ಟುಕೊಡುವುದು ಎಷ್ಟು ಮತ್ತು ಯಾರಿಗೆ, ಕೆಟ್ಟ ವರ್ಷ ಬಂದರೆ ಮೊದಲು ಕಡಿಯುವುದು ಯಾವುದನ್ನು. ನಾಲ್ಕನೆಯ ಸಾಲನ್ನು ಒಳ್ಳೆಯ ವರ್ಷದಲ್ಲೇ ಬರೆಯಬೇಕು. ನಷ್ಟದ ನಡುವೆ ಕುಳಿತು ಬರೆದರೆ ಕೈ ಮೊದಲು ಹುಡುಗರ ಸಂಬಳದ ಕಡೆಗೇ ಹೋಗುತ್ತದೆ. ಹಾಳೆಗೆ ಚೌಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿ ತೂಗುಹಾಕುವುದು ಬೇಡ, ಗಿರಾಕಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ. ಗಲ್ಲಾದ ಕೆಳಗಿನ ಖಾನೆಯಲ್ಲಿ ಇಟ್ಟು, ಪ್ರತಿ ವರ್ಷ ಏಪ್ರಿಲ್‌ನಲ್ಲಿ ಲೆಕ್ಕ ಮುಗಿದ ದಿನ ಹೊರತೆಗೆದು, ಹೊಸ ಅಂಕಿ ತುಂಬಿ, ತಾರೀಕು ಹಾಕಿ.

ನಮ್ಮ ಧಣಿಯ ಹಾಳೆಯಲ್ಲಿ ಈಗ ಮೂರು ತಾರೀಕುಗಳಿವೆ. ಮೊದಲ ವರ್ಷವೇ ಅವರು ಇಡ್ಲಿಯ ಪ್ಲೇಟಿಗೆ ಐದು ರೂಪಾಯಿ ಏರಿಸಿದರು, ಗ್ರಾಚ್ಯುಯಿಟಿಗೆ ಬೇರೆ ಬ್ಯಾಂಕು ಖಾತೆ ತೆರೆದರು. ಚಹಾ ಇಪ್ಪತ್ತೈದು ಕಪ್ಪಿನಲ್ಲೇ ನಿಂತಿದೆ. ಕಟ್ಟಡ ಕೆಡವಿ ಹೊಸದಾಗಿ ಕಟ್ಟುವ ಮಾತು ಈ ವರ್ಷ ಶುರುವಾಗಿರುವುದರಿಂದ, 70,000ದ ಆ ಸಾಲನ್ನು ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಲೆಕ್ಕಹಾಕಬೇಕಾಗಿದೆ.